ಹಿತ್ತಿಲ ಬಾಗಿಲಿನ ಪಟ್ಟಿ

ನಮ್ಮ ಮಾವನ ಪಕ್ಷ ಪುರಸಭೆ ಚುನಾವಣೆಯಲ್ಲಿ ಸೋತ ದಿನ ನಾನು ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಸೋತೆವು ಎಂದು ಯಾರೂ ಬಂದು ಹೇಳಲಿಲ್ಲ. ಬೀದಿಯ ಆ ತುದಿಯಲ್ಲಿ ತಮಟೆ ಶುರುವಾಯಿತು. ಗೆದ್ದಿದ್ದರೆ ಅದು ನಮ್ಮ ಜಗಲಿಯ ಮುಂದೆ ನಿಂತು ಕೈ ಸೋಲುವವರೆಗೆ ಬಡಿಯಬೇಕಿತ್ತು. ನಿಲ್ಲದೆ ಮುಂದಕ್ಕೆ ಹೋಯಿತು. ಅತ್ತೆ ಬಾಗಿಲು ಹಾಕಲು ಎದ್ದರು. ಜಗಲಿಯ ಮೇಲೆ ಕೂತಿದ್ದ ಮಾವ ತಿರುಗಿಯೂ ನೋಡದೆ, ಬಾಗಿಲು ತೆರೆದೇ ಇರಲಿ ಅಂದರು. ಮೆರವಣಿಗೆ ದಾಟುವವರೆಗೂ ಅವರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅದು ಮಹಾರಾಜರ ಕಾಲ. ಚಳ್ಳಕೆರೆಯಲ್ಲಿ ಕಡಲೆಕಾಯಿ ವ್ಯಾಪಾರ ಆಗಷ್ಟೇ ಕುದುರುತ್ತಿತ್ತು. ನಮ್ಮದು ಜವಳಿ ಅಂಗಡಿ, ಊರ ಹೊರಗೆ ಒಂದಿಷ್ಟು ಎರೆ ಹೊಲ, ಕೊಟ್ಟಿಗೆ ತುಂಬ ದನ. ಊರಿನ ಹಿರಿಯರ ಪಕ್ಷಕ್ಕೆ ಮಾವನೇ ಯಜಮಾನರು. ಪಕ್ಷವೆಂದರೆ ಬಾವುಟ, ಕಚೇರಿ ಏನೂ ಇರಲಿಲ್ಲ. ಹೊಲ ಇದ್ದವರು, ಅಂಗಡಿ ಇದ್ದವರು, ಹತ್ತು ಹನ್ನೆರಡು ಮನೆ. ಅಪ್ಪ ತಾತ ನಡೆಸಿದ ಹಾಗೇ ಊರು ನಡೆಯಬೇಕು ಅನ್ನುವುದು ಅವರ ಒಟ್ಟು ಮಾತು. ಎದುರಿಗೆ ನಿಂತವರಲ್ಲಿ ಕೆಲಸ ಬಿಟ್ಟ ಒಬ್ಬ ಮೇಷ್ಟರು, ಒಬ್ಬ ಕಡಲೆಕಾಯಿ ದಲ್ಲಾಳಿ, ಇನ್ನು ಕೆಲವರು ಇದ್ದರು. ಅವರನ್ನು ನಮ್ಮ ಮನೆಯಲ್ಲಿ ಹೊಸಬರು ಅನ್ನುತ್ತಿದ್ದರು. ಅವರೂ ಮೂರು ತಲೆಮಾರಿನಿಂದ ಅದೇ ಊರಿನವರು, ಆದರೂ ಹೊಸಬರು.

ಕಂದಾಯ ಕಟ್ಟುವ ಗಂಡಸರಿಗೆ ಮಾತ್ರ ಮತ. ಹಿಂದಿನ ಚುನಾವಣೆಗಳಲ್ಲಿ ಅಧಿಕಾರಿಯ ಎದುರು ನಿಂತು ಬಾಯಿಬಿಟ್ಟು ಹೆಸರು ಹೇಳಬೇಕಿತ್ತಂತೆ. ಪಕ್ಕದ ಬೆಂಚಿನ ಮೇಲೆ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರುತ್ತಿದ್ದರಂತೆ. ಯಾರ ಬಾಯಲ್ಲೂ ಬೇರೆ ಹೆಸರು ಬರುತ್ತಿರಲಿಲ್ಲ. ಆ ಸಲ ಚೀಟಿ ಬಂತು, ಡಬ್ಬಿ ಬಂತು, ಡಬ್ಬಿಗೆ ಅಡ್ಡಲಾಗಿ ಪರದೆಯೂ ಬಂತು. ಮಾವ ಹಿಂದಿನ ಹಾಗೇ ಬೆಂಚಿನ ಮೇಲೆ ಕೂತಿದ್ದರು, ಬಂದವರೆಲ್ಲ ಹಿಂದಿನ ಹಾಗೇ ಕೈ ಮುಗಿದು ಒಳಗೆ ಹೋದರು. ಸಂಜೆ ಡಬ್ಬಿ ಒಡೆದರೆ ನಮ್ಮ ಕಡೆಯವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಕೈ ಮುಗಿದವರಲ್ಲಿ ಯಾರು ಕೈ ಕೊಟ್ಟರು ಅನ್ನುವುದೇ ತಿಳಿಯದೆ ಮಾವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಎಂಟನೇ ದಿನ ಜಗಲಿಯ ಮೇಲೆ ಹಿರಿಯರು ಸೇರಿದರು. ಇನ್ನು ಪಕ್ಷವನ್ನು ಎತ್ತಿ ನಿಲ್ಲಿಸುವುದು ಹೇಗೆ ಅನ್ನುವುದೇ ಮಾತು. ಹೆಂಗಸರು ನಾವು ಬಾಗಿಲ ಹಿಂದೆ ಅಕ್ಕಿ ಆರಿಸುವ ನೆಪದಲ್ಲಿ ಕಿವಿ ಕೊಟ್ಟು ಕೂತೆವು. ಮಾವನ ದೊಡ್ಡಪ್ಪನ ಮಗ ಒಬ್ಬರಿದ್ದರು, ನನಗೆ ಅವರು ದೊಡ್ಡ ಮಾವ. ಮಾತು ಕಡಿಮೆ, ಆಡಿದರೆ ನೇರ. ಅವತ್ತು ಎಲ್ಲರಿಗಿಂತ ಮೊದಲು ಅವರೇ ಬಾಯಿಬಿಟ್ಟರು.

"ಜನ ಯಾಕೆ ಹೋದ್ರು ಅಂತ ಮೊದ್ಲು ಕೇಳಾನ. ನೇಕಾರ ಬೀದೀಲಿ ಒಂದು ದೀಪ ಇಲ್ಲ. ನೀರಿಗೆ ಬಂದ ಹೆಣ್ಮಕ್ಕಳು ನಮ್ಮನೆ ಕೊಡ ತುಂಬಾವರ್ಗೂ ನಿಂತ್ಕಂಡಿರ್ಬೇಕು. ಇಷ್ಟನ್ನ ನಾವೇ ಸರಿ ಮಾಡಿದ್ರೆ ನಮ್ಮ ಹಿರೇತನ ಏನೂ ಕಮ್ಮಿ ಆಗಲ್ಲ."

ಮಾವ ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಯಾಕೆ ಅಂತ ಆಮೇಲೆ ಕೇಳಾನ. ಯಾರು ಅಂತ ಮೊದ್ಲು ಗೊತ್ತಾಗ್ಲಿ."

ಉಳಿದವರು ತಲೆಯಾಡಿಸಿದರು. ದೊಡ್ಡ ಮಾವ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು.

ಮರುದಿನ ಮಾವ ನನ್ನನ್ನು ಕರೆದರು. ಆ ಮನೆಗೆ ಬಂದು ಮೂರು ವರ್ಷವಾಗಿತ್ತು, ನನಗೆ ಹತ್ತೊಂಬತ್ತು. ಅದುವರೆಗೆ ಅವರು ನನ್ನೊಡನೆ ಆಡಿದ ಮಾತು, ನೀರು ತಾ, ಎಲೆ ತಾ, ಇಷ್ಟೇ. ನಾನು ಬಾಯಿಬಡುಕಿ ಎಂದು ಅತ್ತೆ ದಿನಕ್ಕೆರಡು ಸಲ ಅನ್ನುತ್ತಿದ್ದರು. ಆ ಬಾಯಿ ಈಗ ಮನೆಗೆ ಬೇಕಾಗಿತ್ತು.

ಆಗೆಲ್ಲ ಮಜ್ಜಿಗೆ ಮಾರುವುದು ನಾಚಿಕೆಯ ಕೆಲಸ. ಹೈನು ಇದ್ದ ಮನೆಯವರು ಬೆಳಗ್ಗೆ ಬೆಣ್ಣೆ ತೆಗೆದು, ಮಜ್ಜಿಗೆಯನ್ನು ಕೇಳಿ ಬಂದವರಿಗೆ ಹಾಗೇ ಹಾಕಬೇಕು. ನಮ್ಮ ಹಿತ್ತಿಲ ಬಾಗಿಲಿಗೆ ದಿನಾ ಮೂವತ್ತು ನಲವತ್ತು ಹೆಂಗಸರು ತಂಬಿಗೆ, ಕುಡಿಕೆ ಹಿಡಿದು ಬರುತ್ತಿದ್ದರು. ಸೌಟು ನನ್ನ ಕೈಯಲ್ಲಿ. ಗಂಡಸರು ಪರದೆಯ ಹಿಂದೆ ಏನು ಮಾಡಿದರು ಅನ್ನುವುದು ಹೆಂಡಿರಿಗೆ ಗೊತ್ತಿರುತ್ತದೆ, ಹೆಂಡಿರ ಹತ್ತಿರ ನೀನು ತಿಳಿದುಕೊಳ್ಳಬೇಕು ಎಂದು ಮಾವ ಹೇಳಿದರು. ಕೊನೆಗೆ, ಈ ಕೆಲಸ ನಿನ್ನಿಂದ ಮಾತ್ರ ಆಗೋದವ್ವ, ಅಂದರು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಉಬ್ಬಿದೆ ಅನ್ನುವುದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ನೇರವಾಗಿ ಕೇಳಿದರೆ ಯಾರು ಹೇಳುತ್ತಾರೆ? ನಾನೇ ಒಂದು ಉಪಾಯ ಹೂಡಿದೆ. ಮಜ್ಜಿಗೆ ಹಾಕುತ್ತಾ, ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಹೊಸಬರು ಗೆದ್ದದ್ದು ಒಳ್ಳೆಯದೇ ಆಯಿತು ಬಿಡು, ಈ ಮುದುಕರ ಕಾಟ ಎಷ್ಟು ದಿನ ಅಂತ ತಡೆಯೋದು, ಅನ್ನುತ್ತಿದ್ದೆ. ಅಂದು ಅವರ ಮುಖ ನೋಡುತ್ತಿದ್ದೆ. ಕೆಲವರು ಏನೂ ಕೇಳಿಸದವರ ಹಾಗೆ ತಂಬಿಗೆ ಎತ್ತಿಕೊಂಡು ಹೋದರು. ಕೆಲವರು, ನಮಗೇನು ಗೊತ್ತಾಗುತ್ತೆ ತಾಯಿ, ಅಂದು ಜಾರಿಕೊಂಡರು. ಕೆಲವರು ನಕ್ಕು, ಹೂಂ, ಹೌದೌದು, ಅಂದರು. ಹೌದು ಅಂದವರ ಮನೆಯನ್ನು ನಾನು ಮಧ್ಯಾಹ್ನ ಮಾವನಿಗೆ ಹೇಳುತ್ತಿದ್ದೆ. ಅವರು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಹತ್ತು ದಿನದಲ್ಲಿ ಹನ್ನೊಂದು ಮನೆಯಾದವು.

ಹನ್ನೊಂದನೆಯದು ನನ್ನ ಗೆಳತಿಯ ಮನೆ. ನನ್ನ ತವರು ಮೊಳಕಾಲ್ಮೂರು. ಅಲ್ಲಿ ಅಪ್ಪ ನೇಕಾರರಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುತ್ತಿದ್ದರು, ಆ ಸೀರೆ ಚಳ್ಳಕೆರೆಯ ನಮ್ಮ ಅಂಗಡಿಗೆ ಬರುತ್ತಿತ್ತು. ಅವಳ ಗಂಡನೂ ಮೊಳಕಾಲ್ಮೂರಿನ ನೇಕಾರನೇ. ನನ್ನ ಮದುವೆಯಾದ ಮರುವರ್ಷ ಮಾವನೇ ಅವರನ್ನು ಕರೆಸಿ, ಒಂದು ಮನೆ ಕೊಡಿಸಿ, ಮಗ್ಗ ಹಾಕಿಸಿದ್ದರು. ರೇಷ್ಮೆ ನಮ್ಮಪ್ಪನ ಮನೆಯಿಂದ, ಸೀರೆ ನಮ್ಮ ಅಂಗಡಿಗೆ. ಅವಳಿಗೂ ನನಗೂ ಒಂದೇ ವಯಸ್ಸು. ಅತ್ತೆಗೆ ಅರ್ಥವಾಗದಿರಲಿ ಎಂದು ಇಬ್ಬರೂ ತೆಲುಗಿನಲ್ಲಿ ಹರಟುತ್ತಿದ್ದೆವು. ಅತ್ತೆಯ ಮನೆಯಲ್ಲಿ ನಾನು ಹೊಟ್ಟೆ ತುಂಬ ನಗುತ್ತಿದ್ದದ್ದು ಅವಳು ಬಂದಾಗ ಮಾತ್ರ.

ಅವಳಿಗೂ ನಾನು ಅದೇ ಮಾತು ಹೇಳಿದ್ದೆ. ಅಭ್ಯಾಸವಾಗಿ ಹೋಗಿತ್ತು, ಬಾಯಿಗೆ ತಾನಾಗಿ ಬಂತು. ಅವಳು ತಂಬಿಗೆ ಒಡ್ಡಿಕೊಂಡೇ, ಔನಕ್ಕಾ, ಎಂದು ತೆಲುಗಿನಲ್ಲೇ ಹೌದು ಅಂದಳು. ಮಾವನಿಗೆ ನಾನಾಗಿ ಹೇಳಲಿಲ್ಲ. ಅವರೇ, ನಿಮ್ಮೂರಿನವಳು ಏನಂದ್ಲು ಅಂತ ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಹತ್ತು ಮನೆ ಹೇಳಿದವಳು ನನ್ನವಳೆಂದು ಒಬ್ಬಳನ್ನು ಬಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಏನು ಉಳಿದೀತು ಅನ್ನಿಸಿತು. ನ್ಯಾಯವಾಗಿ ನಡೆದುಕೊಂಡೆ ಅನ್ನುವ ಹೆಮ್ಮೆಯಲ್ಲಿ ಅವಳ ಹೆಸರು ಹೇಳಿದೆ.

ಆಮೇಲೆ ಆದದ್ದು ಸದ್ದಿಲ್ಲದೆ ಆಯಿತು. ಯಾರೂ ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಹನ್ನೊಂದು ಮನೆಗೆ ಕ್ಷೌರದವನು ಹೋಗುವುದು ನಿಂತಿತು. ಒಲೆ ಹೊತ್ತಿಸಲು ಕೆಂಡ ಕೇಳಲು ಹೋದರೆ ಅಕ್ಕಪಕ್ಕದವರು ನಮ್ಮದೂ ಆರಿಹೋಗಿದೆ ಅನ್ನುತ್ತಿದ್ದರು, ಹಿಂದೆ ಹೊಗೆ ಏಳುತ್ತಿರುವಾಗಲೇ. ಅವರು ಬಾವಿಗೆ ಬರುವ ಹೊತ್ತಿಗೆ ರಾಟೆಯ ಹಗ್ಗ ಮಾಯವಾಗುತ್ತಿತ್ತು. ಅಂಗಡಿಯಲ್ಲಿ ಸಾಮಾನು ಇನ್ನೂ ಬಂದಿಲ್ಲ. ಒಬ್ಬನ ಎತ್ತು ಕುಂಟಿದರೆ ಲಾಳ ಕಟ್ಟುವವನು ಊರಲ್ಲೇ ಇಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಕೊಡುವವರೇ ಇಲ್ಲ. ನನ್ನ ಗೆಳತಿಯ ಮನೆಗೆ ರೇಷ್ಮೆ ಬರುವುದು ನಿಂತಿತು.

ನಾನು ಇಷ್ಟಾಗುತ್ತದೆ ಎಂದುಕೊಂಡಿರಲಿಲ್ಲ ಎಂದು ಬರೆದರೆ ನಂಬುವವರು ನಂಬಬಹುದು. ಏನೋ ಆಗುತ್ತದೆ ಎಂದು ಗೊತ್ತಿತ್ತು. ಏನೆಂದು ಕೇಳಿಕೊಳ್ಳಲಿಲ್ಲ.

ಪಕ್ಷ ಮಾತ್ರ ಚಿಗುರಿತು. ಪಟ್ಟಿ ಇದೆ ಅನ್ನುವುದು ಊರಿಗೆಲ್ಲ ಗೊತ್ತಾಯಿತು, ಮುಂದೆ ಅದಕ್ಕೆ ಯಾರ ಹೆಸರು ಸೇರುತ್ತದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹೀಗಾಗಿ ಎಲ್ಲರೂ ಬರತೊಡಗಿದರು. ಸೋತ ವಾರ ನಾಯಿಯೂ ಮಲಗದಿದ್ದ ನಮ್ಮ ಜಗಲಿಯಲ್ಲಿ ಈಗ ಸಂಜೆಯಾದರೆ ಕೂರಲು ಜಾಗವಿಲ್ಲ. ಮೆರವಣಿಗೆಯಲ್ಲಿ ಕುಣಿದವರೂ ಬಂದು ಮಾವನ ಆರೋಗ್ಯ ವಿಚಾರಿಸಿದರು. ಆ ತಮಟೆಯವನೇ ಒಂದು ದಿನ ಬಂದು, ಬುದ್ಧೀ, ಹೊಟ್ಟೆಪಾಡು, ಅಂದು ನೆಲ ನೋಡುತ್ತಾ ನಿಂತ. ಮಾವ ಅವನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದರು. ಅತ್ತ ಹೊಸಬರು ಸಭೆ ಕರೆದರೆ ಕುರ್ಚಿಗಳು ಮಾತ್ರ ಬರುತ್ತವೆ ಎಂದು ಯಾರೋ ತಮಾಷೆ ಮಾಡಿದರು, ಜಗಲಿಯ ತುಂಬ ನಗು. ದೊಡ್ಡ ಮಾವ ಒಂದೆರಡು ಸಲ ಬಂದು ಕೊನೆಯಲ್ಲಿ ಕೂತಿದ್ದರು. ಆಮೇಲೆ ಮೊಣಕಾಲು ನೋವು ಎಂದು ಬರುವುದನ್ನೇ ಬಿಟ್ಟರು.

ಎರಡು ತಿಂಗಳು ಕಾದು, ಒಂದು ಮಧ್ಯಾಹ್ನ ನನ್ನ ಗೆಳತಿಯ ಮನೆಯವರು ಮಗ್ಗ ಬಿಚ್ಚಿ ಗಾಡಿಗೆ ಹೇರಿದರು. ಬಿಸಿಲಿಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೆ ಪ್ರತಿ ಬಾಗಿಲ ಸಂದಿಯಲ್ಲೂ ಜನ ಇದ್ದರು. ನಾನೂ ಇದ್ದೆ. ಅವಳು ನಮ್ಮ ಮನೆಯ ಕಡೆ ನೋಡದೆ ಗಾಡಿಯ ಹಿಂದೆ ನಡೆದುಹೋದಳು.

ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಗಾಡಿಯಲ್ಲಿ ಒಂದು ಹಗಲು ಪೂರ್ತಿ ದಾರಿ. ಜಾಲಿ ಗಿಡ, ಬಂಡೆ, ಅದೇ ಗಾಳಿ. ಹೋದವಳೇ, ನನ್ನ ಗೆಳತಿಯ ಮನೆಯವರು ಇಲ್ಲಿಗೇ ಬಂದರಾ ಎಂದು ಅಪ್ಪನನ್ನು ಕೇಳಿದೆ. ಅವರು ಇದ್ದಾರೆ, ಆದರೆ ನಾನು ರೇಷ್ಮೆ ಕೊಟ್ಟಿಲ್ಲ ಎಂದು ಅಪ್ಪ ಹೇಳಿದರು. ಬೀಗರಿಂದ ಮಾತು ಬಂದಿತ್ತಂತೆ. ನಾವು ಕೊಡದಿದ್ದ ಮೇಲೆ ಆ ಊರಿನಲ್ಲಿ ಇನ್ನು ಯಾರೂ ಕೊಡುವುದಿಲ್ಲ, ಅದು ಅಲ್ಲಿಯ ಪದ್ಧತಿ. ಮಗಳನ್ನು ಕೊಟ್ಟ ಮನೆಯ ಮಾತು ಮೀರೋಕಾಗುತ್ತಾ, ಎಂದು ಅಪ್ಪ ನನ್ನನ್ನೇ ಕೇಳಿದರು.

ಅವಳ ಮನೆಗೆ ಹಬ್ಬದ ಮರುದಿನ ಹೋದೆ. ಎಲ್ಲ ಮನೆಯಲ್ಲೂ ಲಾಳಿಯ ಸದ್ದು ಕೇಳುವ ಬೀದಿ ಅದು. ಅವಳ ಮನೆಯೊಳಗೆ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಳಿಗೆ ಹಲಗೆ ಮುಚ್ಚಿ ಅದರ ಮೇಲೆ ಪಾತ್ರೆ ಜೋಡಿಸಿದ್ದರು. ಅವಳ ಗಂಡ ಗೋಡೆಗೆ ಒರಗಿ ಕೂತಿದ್ದವನು ನನ್ನನ್ನು ಕಂಡು ಎದ್ದು ಹೊರಗೆ ಹೋದ. ಅವಳು ಬೇರೆಯವರ ನೂಲನ್ನು ಕೂಲಿಗೆ ಸುತ್ತುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಸಣಕಲಾಗಿದ್ದಳು. ನನಗೆ ಏನು ಮಾತಾಡಬೇಕೋ ತೋಚದೆ, ನಿನ್ನ ಗಂಡ ಹೊಸಬರಿಗೆ ಚೀಟಿ ಹಾಕದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇನೇ ಅಂದೆ. ಅಂದದ್ದು ಸಮಾಧಾನಕ್ಕೆ, ಯಾರ ಸಮಾಧಾನಕ್ಕೆ ಅನ್ನುವುದು ಬೇರೆ ಮಾತು. ಅವಳ ಕೈ ನಿಂತಿತು.

"ಯಾರು ಹೇಳಿದ್ರಕ್ಕ? ನಿಮ್ಮ ಮಾವಾರು ಮಗ್ಗ ಹಾಕ್ಸಿ ಕೊಟ್ಟೋರು. ಅವರಿಗಲ್ದೆ ಇನ್ಯಾರಿಗೆ ಹಾಕ್ತಾನೆ?"

ಹಾಗಾದರೆ ನಾನು ಕೇಳಿದಾಗ ಯಾಕೆ ಹೌದು ಅಂದೆ ಎಂದೆ. ಅವಳು ನೂಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ನನ್ನಂಥ ದಡ್ಡಿಯನ್ನು ಅವಳು ಅದುವರೆಗೆ ನೋಡಿರಲಿಲ್ಲ ಅಂತ ಕಾಣುತ್ತದೆ.

"ನೀನು ಅಂದೆ, ನಾನು ಹೂಂ ಅಂದೆ. ಮಜ್ಜಿಗೆ ಹಾಕೋರ ಮುಂದೆ ನಿಂತ್ಕಂಡು ಇಲ್ಲ ಅನ್ನಾಕಾಗುತ್ತಾ?"

ನನಗೆ ಅಲ್ಲೇ ಎಲ್ಲವೂ ಹೊಳೆಯಿತು. ನನ್ನ ಮಾತಿಗೆ ನಕ್ಕು ಹೌದೌದು ಅಂದ ಹನ್ನೊಂದು ಹೆಂಗಸರೂ ನಮ್ಮ ಮನೆಗೆ ಎಂದೂ ಎದುರಾಡಿ ಗೊತ್ತಿಲ್ಲದವರು. ನಾನು ಮಳೆ ಬರುತ್ತದೆ ಅಂದಿದ್ದರೂ ಹೂಂ ಅನ್ನುತ್ತಿದ್ದರು, ಬರುವುದಿಲ್ಲ ಅಂದಿದ್ದರೂ ಹೂಂ ಅನ್ನುತ್ತಿದ್ದರು. ಅವರ ಗಂಡಂದಿರು ಚೀಟಿಯನ್ನೂ ಹಾಗೇ ಹಾಕಿದ್ದರು. ನಿಜವಾಗಿ ಕೈ ಕೊಟ್ಟವರ ಹೆಂಡಿರು ಬಾಯಿ ಮುಚ್ಚಿಕೊಂಡು ಮಜ್ಜಿಗೆ ತೆಗೆದುಕೊಂಡು ಹೋಗಿದ್ದರು, ಅವರ ಗಂಡಂದಿರು ಈಗ ಸಂಜೆ ನಮ್ಮ ಜಗಲಿಯಲ್ಲಿ ಕೂತು ನಗುತ್ತಿದ್ದರು. ಪಕ್ಷಕ್ಕೆ ಪ್ರಾಣ ಕೊಡುವ ಹನ್ನೊಂದು ಮನೆಯನ್ನು ಹುಡುಕಿ ಹುಡುಕಿ ನಾನೇ ಹಾಳು ಮಾಡಿದ್ದೆ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನಿಮ್ಮನ್ನು ವಾಪಸು ಕರೆಸುತ್ತೇನೆ ಎಂದು ಮಾತು ಕೊಟ್ಟೆ. ಅವಳು ಕೈ ಬಿಡಿಸಿಕೊಂಡು ನೂಲು ಸುತ್ತತೊಡಗಿದಳು.

ಚಳ್ಳಕೆರೆಗೆ ಬಂದು ಮೊದಲು ಗಂಡನಿಗೆ ಹೇಳಿದೆ. ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದರು. ಎಲ್ಲ ಕೇಳಿ, ಬಾಗಿಲ ಕಡೆ ಒಮ್ಮೆ ನೋಡಿ, ತಾನೂ ಹೊಸಬರಿಗೇ ಚೀಟಿ ಹಾಕಿದ್ದು ಅಂದರು. ನೇಕಾರ ಬೀದಿಗೆ ದೀಪ ಬರಲಿ ಅಂತ. ಅಪ್ಪನಿಗೆ ಹೇಳಬೇಡ ಎಂದು ಕೈ ಮುಗಿದರು. ಹನ್ನೊಂದು ಮನೆ ಉಪವಾಸ ಬಿದ್ದಾಗ ಬಾಯಿ ಹೊಲಿದುಕೊಂಡಿದ್ದ ಗಂಡಸು ಎಮ್ಮೆಯ ಹಗ್ಗ ಹಿಡಿದುಕೊಂಡೇ ಕೈ ಮುಗಿಯುವುದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ನೇರವಾಗಿ ಮಾವನ ಕೋಣೆಗೆ ಹೋದೆ. ಅದುವರೆಗೆ ಕರೆಯದೆ ಆ ಹೊಸಲು ದಾಟಿದವಳಲ್ಲ.

ನಿಂತೇ ಎಲ್ಲ ಹೇಳಿದೆ. ಪಟ್ಟಿ ಪೂರ್ತಿ ಸುಳ್ಳು, ತಪ್ಪು ನನ್ನದು, ಅವರೆಲ್ಲ ನಿಮಗೇ ಹಾಕಿದವರು ಅಂದೆ. ಮಾವ ಹೊಸದೊಂದು ಹಾಳೆ ಇಟ್ಟುಕೊಂಡು ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ. ಕೊನೆಗೆ, ಹಾಕದವರು ಬೇಕಾದರೆ ನಿಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ನಿಮ್ಮ ಮಗ, ಅಂದುಬಿಟ್ಟೆ. ಆಗ ಲೇಖನಿ ಕೆಳಗಿಟ್ಟರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತು. ಮುಂದಿನ ಸಲ ಅವನ್ನೇ ನಿಲ್ಲಿಸ್ತೀನಿ. ಹುಡುಗ್ರು ಬೇಕು ಅಂತಾರೆ ಜನ."

ಹಾಗಾದರೆ ಆ ಹನ್ನೊಂದು ಮನೆ ಎಂದೆ. ಅದಕ್ಕೆ ಅವರು ಸಿಟ್ಟಾಗದೆ, ಮಗುವಿಗೆ ಬುದ್ಧಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಅವರೇ ಹಾಕಿದರೋ ಬೇರೆಯವರು ಹಾಕಿದರೋ ಅನ್ನುವುದು ದೊಡ್ಡ ವಿಷಯವಲ್ಲ. ಊರಿನ ಕಣ್ಣಿಗೆ ಹನ್ನೊಂದು ಮನೆ ಬೇಕಿತ್ತು, ಸಿಕ್ಕಿತು. ಈಗ ತಪ್ಪಾಯಿತು ಎಂದು ಕರೆದರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಜಗಲಿ ಮತ್ತೆ ಖಾಲಿ. ಉಳಿದ ಹತ್ತು ಮನೆಯನ್ನು ನಾನು ಆಗಲೇ ಮನಸ್ಸಿನಿಂದ ಬಿಟ್ಟುಬಿಟ್ಟಿದ್ದೆ ಅಂತ ಕಾಣುತ್ತದೆ. ಆ ಒಬ್ಬಳನ್ನಾದರೂ ಕರೆಸಿ ಮಾವ, ಎಂದು ನೆಲಕ್ಕೆ ಹಣೆ ಹಚ್ಚಿ ಕೇಳಿಕೊಂಡೆ. ಅವರು ಹಳೆಯ ಪಟ್ಟಿ ತೆಗೆದು ಮುಂದಿಟ್ಟುಕೊಂಡರು.

"ಹನ್ನೊಂದು ಹತ್ತಾಗಬಾರ್ದು. ಆ ಜಾಗಕ್ಕೆ ಒಂದು ಮನೆ ಹೇಳವ್ವ, ಕರೆಸ್ತೀನಿ."

ಬೀದಿಯ ಕೊನೆಯಲ್ಲಿ ಕಂಬಳಿ ವ್ಯಾಪಾರದವರ ಮನೆಯೊಂದಿತ್ತು. ಗಂಡ, ಹೆಂಡತಿ, ಒಬ್ಬಳು ಮುದುಕಿ. ಆ ಹೆಂಗಸು ದಿನಾ ಬಂದು ಮಜ್ಜಿಗೆ ಹಾಕಿಸಿಕೊಂಡು ಮಾತಿಲ್ಲದೆ ಹೋಗುತ್ತಿದ್ದಳು. ಅವಳ ಗಂಡ ಯಾರಿಗೆ ಚೀಟಿ ಹಾಕಿದ್ದ ಎಂದು ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವಳು ನನ್ನನ್ನು ನೋಡಿ ಒಂದು ದಿನವೂ ನಕ್ಕಿರಲಿಲ್ಲ, ಅಷ್ಟೇ ಗೊತ್ತಿದ್ದದ್ದು. ಮಾವ ಲೇಖನಿ ಎತ್ತಿಕೊಂಡು ಕಾಯುತ್ತಿದ್ದರು. ನಾನು ಆ ಮನೆ ಹೇಳಿದೆ.

ಮಾವ ಮಾತಿಗೆ ತಪ್ಪುವವರಲ್ಲ. ದಸರೆಗೆ ಮುಂಚೆ ನನ್ನ ಗೆಳತಿ ಗಂಡನ ಜೊತೆ ವಾಪಸು ಬಂದಳು, ಮಗ್ಗ ಹೂಡಿದರು, ರೇಷ್ಮೆ ಬಂತು. ಮುಂದಿನ ಚುನಾವಣೆಯಲ್ಲಿ ನನ್ನ ಗಂಡ ನಿಂತು ಗೆದ್ದರು. ನಮ್ಮ ಪಕ್ಷದವರು ನಿಂತ ಕಡೆಯೆಲ್ಲ ಗೆದ್ದರು, ಪರದೆ ಇದ್ದರೂ ಗೆದ್ದರು. ನೇಕಾರ ಬೀದಿಗೆ ದೀಪ ಬರಲಿಲ್ಲ. ಯಾರೂ ಕೇಳಲೂ ಇಲ್ಲ, ನನ್ನ ಗಂಡನೂ ಸಹ.

ಕಂಬಳಿ ವ್ಯಾಪಾರದವರು ಊರು ಬಿಟ್ಟದ್ದು ಗೆಳತಿ ವಾಪಸು ಬಂದ ವರ್ಷವೇ, ದೀಪಾವಳಿ ಕಳೆದ ಮೇಲೆ. ಮುದುಕಿಯನ್ನು ಗಾಡಿಯಲ್ಲಿ ಕಂಬಳಿಗಳ ನಡುವೆ ಕೂರಿಸಿದ್ದರು. ಆ ಹೆಂಗಸು ನಮ್ಮ ಮನೆ ದಾಟುವಾಗ ನಿಂತಳು. ಯಾಕೆ ಹೀಗಾಯಿತು ಎಂದು ಯಾರನ್ನಾದರೂ ಕೇಳಬೇಕು ಅನ್ನುವ ಹಾಗೆ ಜಗಲಿಯನ್ನೂ ಬಾಗಿಲನ್ನೂ ನೋಡಿದಳು, ಒಳಗೆ ನಿಂತಿದ್ದ ನನ್ನನ್ನೂ ನೋಡಿದಳು. ಅದೇ ಹೊತ್ತಿಗೆ ಹಿಂದಿನ ಬೀದಿಯಿಂದ ನನ್ನ ಗೆಳತಿಯ ಮನೆಯ ಲಾಳಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನನಗೆ ಸಂತೋಷವಾಗಿತ್ತು. ಅದನ್ನು ಇಲ್ಲ ಅನ್ನಲಾರೆ.